ಕಾರ್ಬೊರೇಟರ್ ಹೋದ ಮೇಲೆ

2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂತು. ಹೊಸ ಬೈಕುಗಳಿಂದ ಕಾರ್ಬೊರೇಟರ್ ಹೆಚ್ಚುಕಡಿಮೆ ಕಣ್ಮರೆಯಾಗಿ, ಆ ಜಾಗಕ್ಕೆ ಇಂಜೆಕ್ಟರ್, ಸೆನ್ಸರ್, ಇವನ್ನು ನಿಯಂತ್ರಿಸುವ ಇಸಿಯು ಬಂದು ಕೂತವು. ಶೋರೂಮಿನ ಫ್ರೀ ಸರ್ವಿಸ್ ಮುಗಿಯುವವರೆಗೆ ನಮ್ಮ ಕಡೆಯ ಗ್ಯಾರೇಜುಗಳಿಗೆ ಇದರ ಬಿಸಿ ತಟ್ಟಲಿಲ್ಲ. ಆಮೇಲೆ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮಿಸ್ತ್ರಿಗಳು ಇಂಜಿನ್ ದೋಷದ ಹಳದಿ ದೀಪ ಉರಿಯುವ ಗಾಡಿ ಕಂಡರೆ ‘ಶೋರೂಮಿಗೇ ಒಯ್ಯಿರಿ’ ಎನ್ನತೊಡಗಿದರು. ಹಾವೇರಿ ಜಿಲ್ಲೆಯ ಐಟಿಐ ಒಂದರಲ್ಲಿ ಮೋಟಾರು ಮೆಕ್ಯಾನಿಕ್ ಪಾಠ ಹೇಳುವ ನನಗೆ ಅವರಲ್ಲಿ ಹಲವರು ಪರಿಚಯ. ನನ್ನ ವಿದ್ಯಾರ್ಥಿಗಳು ರಜೆಯಲ್ಲಿ ಕೈ ಪಳಗಿಸಿಕೊಳ್ಳುವುದೂ ಅವರ ಬಳಿಯೇ.

ಐಟಿಐಯಲ್ಲಿ ಈ ಟ್ರೇಡಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಎರಡು ವರ್ಷ ಕೂರಬೇಕು. ಈ ಮಿಸ್ತ್ರಿಗಳಿಗೆ ಎರಡೂ ಆಗದು. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಅನುಭವಸ್ಥರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಇದೆಯಾದರೂ ಅದು ಗೊತ್ತಿರುವ ಕಸುಬಿಗೆ ಒತ್ತುವ ಮುದ್ರೆ. ಇವರಿಗೆ ಬೇಕಿದ್ದದ್ದು ಗೊತ್ತಿಲ್ಲದ್ದು. ಹಗಲಿನ ಕ್ಲಾಸಿಗೆ ಕರೆದಾಗ ಒಬ್ಬ ಹಿರಿಯ ಮಿಸ್ತ್ರಿ ಕೇಳಿದರು: “ಗ್ಯಾರೇಜ್ ಮುಚ್ಚಿ ಬಂದ್ರ ಆ ದಿನದ ದುಡಿಮಿ ಯಾರ್ ಕೊಡ್ತಾರ್ರೀ ಸರ್?”

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಹಾಗಾಗಿ ಸಂಜೆ, ಅವರ ಗ್ಯಾರೇಜಿನಲ್ಲೇ ಕೂಡತೊಡಗಿದೆವು. ಅಂದು ಯಾವ ಗಾಡಿ ಕೆಟ್ಟು ನಿಂತಿದೆಯೋ ಅದೇ ಪಾಠ.

ಎಲ್ಲರ ಕಣ್ಣೂ ಇಸಿಯುವಿನ ದೋಷದ ಕೋಡ್ ಓದುವ ಸ್ಕ್ಯಾನರ್ ಮೇಲಿತ್ತು. ನಾನು ಮೊದಲು ಕೈಗೆ ಕೊಟ್ಟದ್ದು ಅಗ್ಗದ ಮಲ್ಟಿಮೀಟರ್. ಕಿಕ್ಕರ್ ಇದ್ದ ಹಳೆಯ ಗಾಡಿ ಬ್ಯಾಟರಿ ಸತ್ತರೂ ಓಡುತ್ತಿತ್ತು. ಇಂಜೆಕ್ಷನ್ ಗಾಡಿಗೆ ವೋಲ್ಟೇಜ್ ಇಳಿದರೆ ಪಂಪೇ ತಿರುಗದು. ಪೂರ್ತಿ ಚಾರ್ಜಾದ ಬ್ಯಾಟರಿ ನಿಂತಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಅದು ಸರಿಯಿದ್ದೂ ಗಾಡಿ ಎಳೆಯದಿದ್ದರೆ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್‌ಗೂ ಇಂಜಿನ್ನಿಗೂ ನಡುವೆ ಅಳೆಯಬೇಕು. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥಿಂಗ್ ತುಕ್ಕು ಹಿಡಿದಿದೆ ಎಂದೇ ಲೆಕ್ಕ. ‘ಇಸಿಯು ಹೋಗೈತಿ’ ಎಂದು ಬಂದ ಗಾಡಿಗಳಲ್ಲಿ ಕೆಲವು ಉಪ್ಪುಕಾಗದದ ಒಂದು ತುಂಡಿನಿಂದಲೇ ಸರಿಹೋದವು.

ಇಂಜಿನ್ ಬಿಸಿ ಅಳೆಯುವ ಸೆನ್ಸರನ್ನು ಬಿಚ್ಚಿ, ಪಕ್ಕದ ಚಹಾದಂಗಡಿಯ ಬಿಸಿನೀರಿನಲ್ಲಿ ಅದರ ತುದಿ ಅದ್ದಿ ಮೀಟರ್ ನೋಡಿದೆವು. ನೀರು ಆರಿದಂತೆ ಓಮ್ ಏರುತ್ತದೆ. ಬೋರ್ಡಿನ ಮೇಲೆ ಗ್ರಾಫ್ ಬರೆದು ಇದನ್ನು ಹೇಳುವಾಗ ನನ್ನ ಐಟಿಐ ಹುಡುಗರು ಆಕಳಿಸುತ್ತಾರೆ. ಇಲ್ಲಿ ಒಬ್ಬೊಬ್ಬರೂ ಮೀಟರ್ ಕಸಿದುಕೊಂಡರು. ಇಂಧನದ ಪೈಪನ್ನು ಮೊದಲಿನಂತೆ ಸೆಳೆದು ತೆಗೆಯಬಾರದು, ಒಳಗೆ ಸುಮಾರು 3 ಬಾರ್ ಒತ್ತಡವಿರುತ್ತದೆ ಎಂಬುದನ್ನು ಮಾತ್ರ ಗದರಿಸಿಯೇ ಹೇಳಬೇಕಾಯಿತು.

ಸ್ಕ್ಯಾನರ್ ಆಮೇಲೆ ಬಂತು. ಪಿ0335 ಎಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕೀಟು ಎಂದು ಮೊಬೈಲಿನಲ್ಲಿ ಹುಡುಕಿ ಹೇಳಲು ಹುಡುಗರಿಗೆ ಕ್ಷಣ ಸಾಕು. ಹೇಳಿದವರೇ ಸೆನ್ಸರ್ ಬದಲಿಸಲು ಹೊರಡುತ್ತಾರೆ. ಕೋಡ್ ಹೇಳುವುದು ಸರ್ಕೀಟಿನ ಹೆಸರನ್ನಷ್ಟೇ. ವೈರು ಎಲ್ಲಿ ಉಜ್ಜಿ ಸವೆದಿರುತ್ತದೆ, ಹ್ಯಾಂಡಲ್ ತಿರುಗುವ ಕಡೆಯೋ ಸೀಟಿನ ಕೆಳಗೋ ಎಂಬುದು ಹಿರಿಯ ಮಿಸ್ತ್ರಿಯ ಬೆರಳಿಗೆ ಗೊತ್ತು. ‘ಹಳಬರಿಗೆ ಕಾಲ ಮುಗಿಯಿತು’ ಎನ್ನುವ ಭಾಷಣಗಳನ್ನು ಕೇಳಿದಾಗ ನನಗೆ ಸಿಟ್ಟು ಬರುವುದು ಇದಕ್ಕೇ. ಇಬ್ಬರನ್ನೂ ಒಂದೇ ಗಾಡಿಯ ಮುಂದೆ ಕೂರಿಸಿದ ಸಂಜೆಗಳಲ್ಲೇ ಹೆಚ್ಚು ಕೆಲಸವಾಗಿದೆ. ತರಬೇತಿಗೆ ಹಣ ಕೊಡುವವರು ಕಟ್ಟಡ, ಯಂತ್ರಗಳ ಜೊತೆಗೆ ಕಲಿಯುವವನ ಅರ್ಧ ದಿನದ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಲಿ.

ಈಗ ಎಲೆಕ್ಟ್ರಿಕ್ ಸ್ಕೂಟರ್ ಸರದಿ. ಬ್ರೇಕ್ ಸ್ವಿಚ್ ಸಿಕ್ಕಿಕೊಂಡರೆ ಮೋಟರಿಗೆ ಕರೆಂಟೇ ಹೋಗದಂಥ ಗಾಡಿಗಳಿವೆ. ಅವಕ್ಕೆ ಅದೇ ಮೀಟರ್ ಸಾಕು. ಬ್ಯಾಟರಿ ಪ್ಯಾಕ್ ಬಿಚ್ಚುವುದನ್ನು ಮಾತ್ರ ನಾನು ಕಲಿಸುತ್ತಿಲ್ಲ. ಡಿಸಿ 60 ವೋಲ್ಟ್ ದಾಟಿದರೆ ನಿಯಮದ ಪ್ರಕಾರ ಅದು ಹೈ ವೋಲ್ಟೇಜ್. ಅದಕ್ಕಿಂತ ಕಡಿಮೆಯದ್ದೂ ಪಾನಾ ಅಡ್ಡ ಬಿದ್ದರೆ ಬೆಂಕಿ ಹಚ್ಚಬಲ್ಲದು. ಇನ್ಸುಲೇಟೆಡ್ ಕೈಗವಸು, ಉಪಕರಣ, ಪ್ರತ್ಯೇಕ ಜಾಗ ಬೇಕು. ಅವು ಬರುವವರೆಗೆ ನಮ್ಮ ಪಾಠ ಚಾರ್ಜರ್, ಥ್ರಾಟಲ್, ವೈರಿಂಗಿನವರೆಗೆ.