ಹೊಗೆಯ ಬಣ್ಣವೂ ಇಂಜಿನ್ನಿನ ರೋಗವೂ

ವೈದ್ಯರು ರೋಗಿಯ ನಾಲಗೆಯನ್ನು ನೋಡುವಂತೆ, ಹಳೆಯ ಕಾರಿನ ಹೊಗೆಯ ಬಣ್ಣವನ್ನು ಮೊದಲು ನೋಡಬೇಕು. ಕಲ್ಯಾಣ–ಮುರ್ಬಾಡ್ ರಸ್ತೆಯ ಶಹಾಡ್ ಸೇತುವೆಯ ಮೇಲೆ, ವಾಹನಗಳ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಕಾರು ಕಪ್ಪು ಹೊಗೆಯನ್ನುಗುಳತೊಡಗಿತು. ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್ ಬಂದ 2000ದ ಸುಮಾರಿನ ಪೀಳಿಗೆಯದು. ಇಂಜಿನ್ ಬಿಚ್ಚಲೇಬೇಕೆಂದು ಮೆಕ್ಯಾನಿಕ್ ತೀರ್ಪಿತ್ತರು.

ಪರೀಕ್ಷೆಯನ್ನು ಬಯಲಿನಲ್ಲಿಯೇ ಮಾಡತಕ್ಕದ್ದು. ಹೊಗೆಯೊಡನೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಗ್ಯಾರೇಜಿನಲ್ಲಿ ಅದು ಪ್ರಾಣಾಂತಿಕ. ಚಳಿಯ ಮುಂಜಾನೆಯ ಬಿಳಿ ಹೊಗೆ ಕೆಲವು ನಿಮಿಷಗಳಲ್ಲಿ ಕರಗಿದರೆ ಅದು ಬರಿಯ ನೀರಾವಿ. ಇಂಜಿನ್ ಕಾದ ಮೇಲೂ ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟನ್ನು ಶಂಕಿಸಬೇಕು. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಒಮ್ಮೆ ಬಂದು ನಿಂತರೆ ಬಹುಶಃ ವಾಲ್ವ್ ಸೀಲ್, ಏರು ಹತ್ತುವಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್. ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಕಂಪ್ರೆಷನ್ ಏರಿದರೆ, ರಿಂಗ್ ಸವೆದಿದೆಯೆಂದೇ ತಿಳಿಯಬಹುದು.

ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾದುದರ ಗುರುತು. ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು. ಹಿಂದೆ ಚೋಕ್ ಮಾಡುತ್ತಿದ್ದ ಕೆಲಸವನ್ನು ಈ ಕಾರುಗಳಲ್ಲಿ ಪುಟ್ಟ ಕಂಪ್ಯೂಟರೊಂದು, ನೀರಿನ ಉಷ್ಣತೆಯನ್ನಳೆಯುವ ಸೆನ್ಸರಿನ ಮಾತು ನಂಬಿ ಮಾಡುತ್ತದೆ. ಆ ಸೆನ್ಸರ್ ಕೆಟ್ಟು ‘ಇಂಜಿನ್ ತಣ್ಣಗಿದೆ’ ಎಂದು ಸುಳ್ಳು ಹೇಳಿದರೆ, ಮೇ ತಿಂಗಳ ಮಧ್ಯಾಹ್ನದಲ್ಲಿಯೂ ಪೆಟ್ರೋಲ್ ಧಾರಾಳವಾಗಿ ಸುರಿಯುತ್ತದೆ. ನಮ್ಮ ಕಾರಿನ ಕಾಯಿಲೆಯೂ ಅದೇ ಆಗಿತ್ತು. ಹೆಬ್ಬೆರಳಿನಷ್ಟು ದೊಡ್ಡ ಬಿಡಿಭಾಗವೊಂದನ್ನು ಬದಲಾಯಿಸಿದೆವು. ಇಂಜಿನ್ ಬಿಚ್ಚುವ ಪ್ರಸಂಗ ಬರಲಿಲ್ಲ.