ಅದ್ಭುತದ ಓದು ಮತ್ತು ಅಭಿಪ್ರಾಯದ ಹೊಣೆ: ಚಿಕ್ಕಬಳ್ಳಾಪುರ ಪರಿಸರದಲ್ಲಿ ಕಿಶೋರ ಫ್ಯಾಂಟಸಿ

ಪೀಠಿಕೆ

ಗ್ರಂಥಾಲಯಕ್ಕೆ ಹೊಸದಾಗಿ ಬಂದ ಪುಸ್ತಕವು ಪರಿಗ್ರಹಣ ವಹಿಯಲ್ಲಿ ಸಂಖ್ಯೆ ಪಡೆದು ಕಪಾಟು ಸೇರಿದ ಮಾತ್ರಕ್ಕೆ ಓದುಗ ಸಮುದಾಯದ ಸ್ವತ್ತಾಗುವುದಿಲ್ಲ. ಅದನ್ನು ಯಾರಾದರೂ ಓದಬೇಕು. ಓದಿದವರು ಅದರ ಬಗೆಗೆ ಮಾತನಾಡಬೇಕು. ಆ ಮಾತು ಇನ್ನೊಬ್ಬರನ್ನು ಪುಸ್ತಕದ ಬಳಿಗೆ ಕರೆತರಬೇಕು, ಇಲ್ಲವೇ ಕಾರಣಸಹಿತವಾಗಿ ದೂರವಿರಿಸಬೇಕು. ವಯಸ್ಕರ ಸಾಹಿತ್ಯಕ್ಕೆ ಈ ಕೆಲಸವನ್ನು ವಿಮರ್ಶೆ ನಿರ್ವಹಿಸುತ್ತದೆ. ಹದಿಹರೆಯದವರು ಓದುವ ಫ್ಯಾಂಟಸಿ ಕೃತಿಗಳ ವಿಷಯದಲ್ಲಿ ಮಾತ್ರ ಎರಡೇ ಬಗೆಯ ಮಾತುಗಳು ಹೆಚ್ಚಾಗಿ ಕೇಳಿಬರುತ್ತವೆ. ಓದಿದ ಹುಡುಗ ಹುಡುಗಿಯರು ‘ಚೆನ್ನಾಗಿದೆ’ ಎಂದು ನಿಲ್ಲಿಸುತ್ತಾರೆ. ಓದದ ಹಿರಿಯರು ‘ಮಾಯ ಮಂತ್ರದ ಕಥೆ, ಪರೀಕ್ಷೆಗೆ ಉಪಯೋಗವಿಲ್ಲ’ ಎಂದು ಪಕ್ಕಕ್ಕಿಡುತ್ತಾರೆ. ಇವೆರಡರ ನಡುವೆ ಇರಬೇಕಾದ ವಿವೇಚನೆಯ ಮಾತು ಹೇಗಿರಬೇಕು ಎಂಬುದನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಪರಿಸರವನ್ನು ಮುಂದಿಟ್ಟುಕೊಂಡು ಚರ್ಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದ್ಭುತ ಕಥನವು ಓದುಗರಿಂದ ನಂಬಿಕೆಯನ್ನಲ್ಲ, ನ್ಯಾಯನಿರ್ಣಯವನ್ನು ಬೇಡುತ್ತದೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

1. ಹೆಸರು ದೊರೆಯದ ಓದುಗ

ಕನ್ನಡದಲ್ಲಿ ‘ಮಕ್ಕಳ ಸಾಹಿತ್ಯ’ ಎಂಬ ಒಂದೇ ಹೆಸರಿನಡಿ ಆರು ವರ್ಷದ ಮಗುವಿನ ಶಿಶುಪ್ರಾಸವೂ ಹದಿನಾರು ವರ್ಷದವರು ಓದಬಲ್ಲ ಕಾದಂಬರಿಯೂ ಸೇರಿಹೋಗುತ್ತವೆ. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ನೀಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರವು ಈ ಕ್ಷೇತ್ರಕ್ಕೆ ಮನ್ನಣೆ ತಂದಿದೆ. 2011ರಲ್ಲಿ ನಾ. ಡಿಸೋಜ, 2021ರಲ್ಲಿ ಬಸು ಬೇವಿನಗಿಡದ, 2022ರಲ್ಲಿ ತಮ್ಮಣ್ಣ ಬೀಗಾರ, 2023ರಲ್ಲಿ ವಿಜಯಶ್ರೀ ಹಾಲಾಡಿ ಮೊದಲಾದವರು ಈ ಪುರಸ್ಕಾರಕ್ಕೆ ಪಾತ್ರರಾಗಿದ್ದಾರೆ. ಆದರೂ ಬಾಲ್ಯ ಮುಗಿದು ಪ್ರೌಢತೆ ಇನ್ನೂ ಬಾರದ ಓದುಗರನ್ನು ಪ್ರತ್ಯೇಕವಾಗಿ ಗುರುತಿಸುವ ‘ಕಿಶೋರ ಸಾಹಿತ್ಯ’ ಎಂಬ ಪದವು ನಮ್ಮ ವಿಮರ್ಶೆಯಲ್ಲಿ ಇನ್ನೂ ನೆಲೆಯೂರಿಲ್ಲ.

ಈ ಓದುಗರು ಕನ್ನಡದಲ್ಲಿ ಓದುವುದನ್ನು ಬಿಟ್ಟುಬಿಡುವ ಸಾಧ್ಯತೆ ಹೆಚ್ಚಾಗಿರುವುದೂ ಇದೇ ವಯಸ್ಸಿನಲ್ಲಿ. ಇಂಗ್ಲಿಷ್ ಬಲ್ಲವರು 1997ರಲ್ಲಿ ಆರಂಭವಾದ ಹ್ಯಾರಿ ಪಾಟರ್ ಸರಣಿಯ ಕಡೆಗೆ ಹೋಗುತ್ತಾರೆ. ಇಂಗ್ಲಿಷ್ ಎಟುಕದವರು ಅದ್ಭುತವನ್ನು ಪರದೆಯ ಮೇಲೆ ನೋಡಿ ತೃಪ್ತರಾಗುತ್ತಾರೆ. ಇಬ್ಬರಿಗೂ ತಾವು ಕಂಡ ಅದ್ಭುತದ ಬಗೆಗೆ ಕನ್ನಡದಲ್ಲಿ ಮಾತನಾಡುವ ಅಗತ್ಯ ಒದಗುವುದಿಲ್ಲ. ಒಂದು ಭಾಷೆಯಲ್ಲಿ ಆಸಕ್ತಿಯ ವಿಷಯವನ್ನು ವಾದಿಸಿ ಅಭ್ಯಾಸವಿಲ್ಲದವರು ಮುಂದೆ ಆ ಭಾಷೆಯ ಗಂಭೀರ ಓದುಗರಾಗುವುದು ಕಷ್ಟ. ಆದ್ದರಿಂದ ಇದನ್ನು ಕೇವಲ ಮನರಂಜನೆಯ ಪ್ರಶ್ನೆಯೆಂದು ಭಾವಿಸಲಾಗದು.

2. ಪರಿಸರದೊಳಗಿನ ಅದ್ಭುತ

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಓದುಗರಿಗೆ ಅದ್ಭುತವು ಹೊರಗಿನಿಂದ ಆಮದಾದ ವಸ್ತುವಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಮಹಾಭಾರತದ ಏಕಚಕ್ರನಗರ, ಭೀಮನು ಬಕಾಸುರನನ್ನು ಕೊಂದದ್ದು ಇಲ್ಲಿಯೇ ಎಂಬ ಐತಿಹ್ಯವಿದೆ. ಅದೇ ಕೈವಾರವು ತೆಲುಗು ಮತ್ತು ಕನ್ನಡ ಎರಡರಲ್ಲೂ ತತ್ತ್ವಪದಗಳನ್ನು ರಚಿಸಿದ ನಾರೇಯಣ ಯತೀಂದ್ರರ ನೆಲೆಯೂ ಹೌದು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ವಿದುರನು ನೆಟ್ಟದ್ದೆಂದು ಹೇಳುವ ಅಶ್ವತ್ಥದ ಪುರಾಣವೂ, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ನಡೆದ ಗೋಲಿಬಾರಿನ ಚರಿತ್ರೆಯೂ ಒಂದೇ ನೆಲದಲ್ಲಿವೆ. ಅಲ್ಲಿಗೆ ಹೋದ ವಿದ್ಯಾರ್ಥಿಯು ಯಾವುದನ್ನು ಕಥೆಯಾಗಿ ಕೇಳಬೇಕು, ಯಾವುದನ್ನು ದಾಖಲೆಯಾಗಿ ಓದಬೇಕು ಎಂಬುದನ್ನು ಯಾರೂ ಪಾಠ ಹೇಳದೆಯೇ ಕಲಿಯಬಲ್ಲನು.

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಮನೆಯ ಮಕ್ಕಳಿಗೆ ರೂಪಾಂತರವು ದಿನನಿತ್ಯದ ಸಂಗತಿ. ಹಿಪ್ಪುನೇರಳೆ ಸೊಪ್ಪು ತಿನ್ನುವ ಹುಳು ನಾಲ್ಕು ಜ್ವರಗಳನ್ನು ದಾಟಿ, ಹಣ್ಣಾಗಿ, ಚಂದ್ರಿಕೆಯಲ್ಲಿ ಗೂಡು ಕಟ್ಟುತ್ತದೆ. ಆದರೆ ನೂಲು ಬೇಕಾದರೆ ಚಿಟ್ಟೆ ಹೊರಬರುವ ಮುನ್ನವೇ ಗೂಡನ್ನು ಬೇಯಿಸಬೇಕು. ರೂಪಾಂತರಕ್ಕೆ ಒಂದು ಕ್ರಮವಿದೆ, ಅದರ ಲಾಭಕ್ಕೆ ಯಾರೋ ಬೆಲೆ ತೆರುತ್ತಾರೆ ಎಂಬ ಈ ಅರಿವು ಫ್ಯಾಂಟಸಿಯನ್ನು ಓದಲು ದೊಡ್ಡ ಸಿದ್ಧತೆ.

ಭಾಷೆಯ ಸಂಗತಿಯೂ ಗಮನಾರ್ಹ. ನಂದಿ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು ಆಂಧ್ರದ ನೆಲಕ್ಕೆ ಹರಿಯುವಂತೆ ಇಲ್ಲಿನ ಕಥೆಗಳೂ ಗಡಿ ದಾಟಿ ಹೋಗಿ ಬಂದಿವೆ. ಅನೇಕ ಮನೆಗಳಲ್ಲಿ ಮಾತು ತೆಲುಗು, ಶಾಲೆಯ ಬರಹ ಕನ್ನಡ. ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಉರ್ದುವೂ ಸೇರುತ್ತದೆ. 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾದ ‘ಚಂದಮಾಮ’ 1949ರಲ್ಲಿ ಕನ್ನಡಕ್ಕೂ ಬಂದಿತು. ಅದರ ಸ್ಥಾಪಕರಾದ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರ ವಿಜಯಾ ಸಂಸ್ಥೆಯೇ ‘ಪಾತಾಳ ಭೈರವಿ’ (1951) ಮತ್ತು ‘ಮಾಯಾಬಜಾರ್’ (1957) ಚಿತ್ರಗಳನ್ನು ನಿರ್ಮಿಸಿತು. ತೆಲುಗಿನಲ್ಲಿ ‘ಜಾನಪದ ಬ್ರಹ್ಮ’ ಎಂದು ಹೆಸರಾದ ಬಿ. ವಿಠಲಾಚಾರ್ಯರು ಉಡುಪಿ ಸೀಮೆಯಿಂದ ಹೋದವರು. ಹೀಗೆ ಈ ಭಾಗದ ಓದುಗರ ಅದ್ಭುತ ಕಲ್ಪನೆಯು ಒಂದೇ ಭಾಷೆಯ ಆಸ್ತಿಯಲ್ಲ. ಹೊಸ ಪುಸ್ತಕವೊಂದು ಬಂದಾಗ ಅವರು ಅದನ್ನು ಬರಿಗೈಯಲ್ಲಿ ಎದುರುಗೊಳ್ಳುವುದಿಲ್ಲ.

3. ನಂಬಿಕೆ ಮತ್ತು ಒಪ್ಪಿಗೆ

ಫ್ಯಾಂಟಸಿಯ ವಿರುದ್ಧ ಎತ್ತಬಹುದಾದ ಗಂಭೀರ ಆಕ್ಷೇಪವೊಂದಿದೆ. ಮಾಯೆ ಮಂತ್ರಗಳ ಕಥೆಯು ಎಳೆಯರಲ್ಲಿ ಮೂಢನಂಬಿಕೆಯನ್ನು ಬೆಳೆಸುವುದಿಲ್ಲವೇ ಎಂಬುದು ಆ ಪ್ರಶ್ನೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದ ಎಚ್. ನರಸಿಂಹಯ್ಯನವರ ನಾಡಿನಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಅವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿ, ಅದರ ಅಧ್ಯಕ್ಷತೆಯನ್ನು ವಹಿಸಿದ್ದರು. ಪ್ರಶ್ನಿಸದೆ ಏನನ್ನೂ ಸ್ವೀಕರಿಸಬಾರದೆಂಬ ಅವರ ನಿಲುವು ಸುಪರಿಚಿತ.

ಆದರೆ ಪವಾಡ ಮತ್ತು ಅದ್ಭುತ ಕಥನಗಳ ನಡುವಣ ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಂಡರೆ ಆಕ್ಷೇಪದ ಬಲ ಕುಗ್ಗುತ್ತದೆ. ಪವಾಡವು ‘ಇದು ನಿಜವಾಗಿಯೂ ನಡೆಯಿತು, ನಂಬಿ’ ಎನ್ನುತ್ತದೆ. ಅದ್ಭುತ ಕಥನವು ‘ಹೀಗಿದ್ದರೆ ಏನಾಗುತ್ತಿತ್ತು, ಯೋಚಿಸಿ’ ಎನ್ನುತ್ತದೆ. ಮೊದಲನೆಯದು ಪ್ರಶ್ನೆಯನ್ನು ಮುಚ್ಚಿದರೆ ಎರಡನೆಯದು ತೆರೆಯುತ್ತದೆ. ಜೆ.ಆರ್.ಆರ್. ಟೋಲ್ಕಿನ್ 1939ರಲ್ಲಿ ನೀಡಿದ ಅದ್ಭುತ ಕಥೆಗಳನ್ನು ಕುರಿತ ಉಪನ್ಯಾಸದಲ್ಲಿ, ಕಥೆಗಾರನು ಒಂದು ಎರಡನೆಯ ಲೋಕವನ್ನು ನಿರ್ಮಿಸುತ್ತಾನೆ, ಅದರೊಳಗೆ ಇರುವಷ್ಟು ಕಾಲ ಆ ಲೋಕದ ನಿಯಮಗಳಿಗೆ ಅನುಗುಣವಾದದ್ದು ಸತ್ಯವೆನಿಸುತ್ತದೆ ಎಂಬ ಆಶಯವನ್ನು ಮಂಡಿಸಿದ್ದಾರೆ. ಭಾರತೀಯ ಕಾವ್ಯಮೀಮಾಂಸೆಯು ಅದ್ಭುತ ರಸಕ್ಕೆ ವಿಸ್ಮಯವನ್ನು ಸ್ಥಾಯೀಭಾವವೆಂದು ಹೇಳಿದೆ, ನಂಬಿಕೆಯನ್ನಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಹಾರುವ ಓತಿಯ ಹುಡುಕಾಟವು ವೈಜ್ಞಾನಿಕ ಕುತೂಹಲ ಮತ್ತು ವಿಸ್ಮಯಗಳು ಪರಸ್ಪರ ವಿರೋಧಿಗಳಲ್ಲವೆಂಬುದನ್ನು ತೋರಿಸುತ್ತದೆ. ಕಥೆಯೊಳಗಿನ ಮಂತ್ರಕ್ಕೆ ತಾತ್ಕಾಲಿಕ ಒಪ್ಪಿಗೆ ನೀಡಿ, ಪುಸ್ತಕ ಮುಚ್ಚಿದೊಡನೆ ಅದನ್ನು ಹಿಂಪಡೆಯಬಲ್ಲ ಓದುಗರು ಹೊರಗಿನ ಮಂತ್ರವಾದಿಯ ಮುಂದೆಯೂ ಪ್ರಶ್ನೆ ಕೇಳಬಲ್ಲರು. ಆ ಸಾಮರ್ಥ್ಯವು ತಾನಾಗಿ ಬರುವುದಿಲ್ಲ. ಅದಕ್ಕೆ ಚರ್ಚೆ ಬೇಕು.

4. ಬೇತಾಳನ ಪ್ರಶ್ನೆ

ಅಂತಹ ಚರ್ಚೆಯ ಮಾದರಿ ನಮ್ಮ ಕಥಾಪರಂಪರೆಯಲ್ಲೇ ಇದೆ. ‘ಚಂದಮಾಮ’ವು ತಲೆಮಾರುಗಳ ಕಾಲ ಮನೆಮನೆಗೆ ತಲುಪಿಸಿದ ಬೇತಾಳ ಕಥೆಗಳು ಪ್ರಶ್ನೆಯೊಂದಿಗೆ ಮುಗಿಯುತ್ತವೆ. ಕಥೆಯಲ್ಲಿ ಯಾರು ಸರಿ, ತ್ಯಾಗ ಯಾರದು ದೊಡ್ಡದು ಎಂದು ಬೇತಾಳ ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಸಿಡಿಯುತ್ತದೆ. ಉತ್ತರಿಸಿದರೆ ಬೇತಾಳ ಮತ್ತೆ ಮರವೇರುತ್ತಾನೆ. ಶವದೊಳಗೆ ಬೇತಾಳನಿದ್ದಾನೆಯೇ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಅದನ್ನು ಒಪ್ಪಿಕೊಂಡ ಮೇಲೆ ನ್ಯಾಯವೇನು ಎಂಬುದೇ ಪ್ರಶ್ನೆ. ಅಭಿಪ್ರಾಯ ಹೇಳುವುದು ಇಲ್ಲಿ ಓದುಗನ ಹಕ್ಕು ಮಾತ್ರವಾಗಿರದೆ ಹೊಣೆಯೂ ಆಗಿದೆ.

ಈ ದೃಷ್ಟಿಯಿಂದ ಎ.ಕೆ. ರಾಮಾನುಜನ್ ಅವರು ಕನ್ನಡದಲ್ಲಿ ಸಂಗ್ರಹಿಸಿ ವಿಶ್ಲೇಷಿಸಿದ, ಹೂವಿನ ಮರವಾಗುವ ಹುಡುಗಿಯ ಜನಪದ ಕಥೆಯನ್ನು ಪರಿಶೀಲಿಸಬಹುದು. ಬಡ ತಾಯಿಗೆ ನೆರವಾಗಲು ಹುಡುಗಿ ಮರವಾಗಿ ಹೂ ಕೊಡುತ್ತಾಳೆ. ನಿಯಮಗಳು ಖಚಿತ: ಒಂದು ಕೊಡ ನೀರು ಹುಯ್ದರೆ ಮರ, ಇನ್ನೊಂದು ಕೊಡ ಹುಯ್ದರೆ ಮತ್ತೆ ಹುಡುಗಿ, ನಡುವೆ ಹೂ ಬಿಡಿಸುವಾಗ ಎಲೆ, ಚಿಗುರುಗಳಿಗೆ ನೋವಾಗಬಾರದು. ಅವಳನ್ನು ಮದುವೆಯಾದ ರಾಜಕುಮಾರನು ತನ್ನ ಸಂತೋಷಕ್ಕಾಗಿ ಮರವಾಗಲು ಒತ್ತಾಯಿಸುತ್ತಾನೆ. ಬಳಿಕ ನಾದಿನಿ ಮತ್ತು ಅವಳ ಗೆಳತಿಯರು ಕೊಂಬೆ ಮುರಿದು, ನೀರನ್ನು ಅಸಡ್ಡೆಯಿಂದ ಚೆಲ್ಲಿ ಹೋಗುತ್ತಾರೆ. ಹುಡುಗಿ ಕೈಕಾಲುಗಳಿಲ್ಲದ ದೇಹವಾಗಿ ಉಳಿಯುತ್ತಾಳೆ. ಕೊನೆಗೆ ಮುರಿದ ಕೊಂಬೆಗಳನ್ನು ಸರಿಪಡಿಸಿ ನೀರು ಹುಯ್ದಾಗ ಅವಳು ಪೂರ್ಣಳಾಗುತ್ತಾಳೆ.

ಇದಕ್ಕೆ ಬೇತಾಳನ ಪ್ರಶ್ನೆಯನ್ನು ಹಾಕಿದರೆ, ಹುಡುಗಿಯ ದುರವಸ್ಥೆಗೆ ಹೊಣೆ ಯಾರು? ಕೊಂಬೆ ಮುರಿದ ನಾದಿನಿಯೇ, ಗುಟ್ಟನ್ನು ವಿನೋದವಾಗಿಸಿದ ಗಂಡನೇ? ಮೊದಲನೆಯ ಪಕ್ಷಕ್ಕೆ ಕೃತ್ಯದ ಆಧಾರವಿದೆ. ಎರಡನೆಯ ಪಕ್ಷಕ್ಕೆ ಕಾರಣದ ಆಧಾರವಿದೆ. ಎರಡೂ ಅಭಿಪ್ರಾಯಗಳು ಕಥೆಯೊಳಗಿನ ಸಾಕ್ಷ್ಯವನ್ನೇ ಅವಲಂಬಿಸುತ್ತವೆ. ಹದಿನೈದು ವರ್ಷದ ಓದುಗಳೊಬ್ಬಳಿಗೆ ತನ್ನ ದೇಹ, ತನ್ನ ಒಪ್ಪಿಗೆ, ಇತರರ ಒತ್ತಾಯ ಎಂಬ ಸಂಗತಿಗಳನ್ನು ಕುರಿತು ನೇರವಾಗಿ ಆಡಲಾಗದ ಮಾತನ್ನು ಮರದ ನೆಪದಲ್ಲಿ ಆಡಲು ಈ ಕಥೆ ಅವಕಾಶ ಕೊಡುತ್ತದೆ. ಫ್ಯಾಂಟಸಿಯ ಉಪಯುಕ್ತತೆಯನ್ನು ಇಲ್ಲಿ ಹುಡುಕಬೇಕು.

5. ಅಭಿಪ್ರಾಯ ಹಂಚಿಕೆಯ ಕ್ರಮ

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಈ ಗ್ರಂಥಾಲಯಗಳಲ್ಲಿ ಮತ್ತು ಪ್ರೌಢಶಾಲೆಗಳಲ್ಲಿ ಹೊಸ ಪುಸ್ತಕ ಬಂದಾಗ ನಡೆಯಬಹುದಾದ ಚರ್ಚೆಗೆ ಮೂರು ಪ್ರಶ್ನೆಗಳನ್ನು ಸೂಚಿಸಬಹುದು.

ಮೊದಲನೆಯದು, ಈ ಲೋಕದ ನಿಯಮವೇನು, ಕೃತಿ ಅದನ್ನು ಕೊನೆಯವರೆಗೆ ಪಾಲಿಸಿದೆಯೇ? ಹ್ಯಾರಿ ಪಾಟರ್ ಸರಣಿಯಲ್ಲಿ ಎಷ್ಟೇ ಮಂತ್ರಗಳಿದ್ದರೂ ಸತ್ತವರನ್ನು ನಿಜವಾಗಿ ಬದುಕಿಸುವ ಮಂತ್ರವಿಲ್ಲ. ಹುಡುಗನ ಅನಾಥತನಕ್ಕೆ ತೂಕ ಬಂದಿರುವುದು ಈ ಮಿತಿಯಿಂದ. ಕಷ್ಟ ಬಂದಾಗಲೆಲ್ಲ ಹೊಸ ಶಕ್ತಿಯನ್ನು ಸೃಷ್ಟಿಸುವ ಕೃತಿ ಈ ಪರೀಕ್ಷೆಯಲ್ಲಿ ಸೋಲುತ್ತದೆ.

ಎರಡನೆಯದು, ಅದ್ಭುತಕ್ಕೆ ಬೆಲೆ ತೆರುವವರು ಯಾರು? ಅರ್ಸುಲಾ ಲೆ ಗ್ವಿನ್ ಅವರ ಅರ್ತ್‌ಸೀ ಸರಣಿಯ ಮೊದಲ ಕಾದಂಬರಿಯಲ್ಲಿ (1968) ಗೆಡ್ ಎಂಬ ಹುಡುಗನು ಅಹಂಕಾರದಿಂದ ಮಾಡಿದ ಮಂತ್ರವು ಒಂದು ನೆರಳನ್ನು ಬಿಡುಗಡೆ ಮಾಡುತ್ತದೆ. ಅದನ್ನು ತನ್ನದೇ ಹೆಸರಿನಿಂದ ಕರೆಯುವವರೆಗೆ ಅವನಿಗೆ ಮುಕ್ತಿಯಿಲ್ಲ. ರೇಷ್ಮೆ ಗೂಡಿನ ಬೆಲೆ ಬಲ್ಲ ಓದುಗರಿಗೆ ಈ ಪ್ರಶ್ನೆ ಕಷ್ಟವೆನಿಸಲಾರದು.

ಮೂರನೆಯದು, ಅದ್ಭುತವನ್ನು ತೆಗೆದುಹಾಕಿದರೆ ಏನು ಉಳಿಯುತ್ತದೆ? ಹೂವಿನ ಮರದ ಕಥೆಯಲ್ಲಿ ಬಡತನ, ಮದುವೆ, ಕ್ರೌರ್ಯ, ಆರೈಕೆಗಳು ಉಳಿಯುತ್ತವೆ. ಏನೂ ಉಳಿಯದಿದ್ದರೆ ಆ ಕೃತಿ ಕೇವಲ ಚಮತ್ಕಾರ.

ಕಾರ್ಯವಿಧಾನದಲ್ಲಿ ಕೆಲವು ಎಚ್ಚರಗಳು ಅವಶ್ಯಕ. ಪುಸ್ತಕದ ಕೊನೆಯ ಅಧ್ಯಾಯಕ್ಕೆ ಮುನ್ನ ಓದನ್ನು ನಿಲ್ಲಿಸಿ, ಮುಂದೇನಾಗಬೇಕು ಎಂಬುದನ್ನು ಕೇಳಬೇಕು. ಊಹೆಗೆ ಕಾರಣ ಕೊಡುವುದರಲ್ಲಿಯೇ ವಿಮರ್ಶೆಯ ಮೊದಲ ಪಾಠವಿದೆ. ಮೊದಲ ಅಭಿಪ್ರಾಯವನ್ನು ತೆಲುಗಿನಲ್ಲಾಗಲಿ ಉರ್ದುವಿನಲ್ಲಾಗಲಿ ಮನೆಮಾತಿನಲ್ಲಿ ಹೇಳಲು ಬಿಟ್ಟು, ಅನಂತರ ಕನ್ನಡದಲ್ಲಿ ಬರೆಸಬೇಕು. ಮನೆಮಾತಿನಲ್ಲಿ ಚುರುಕಾಗಿರುವ ಹುಡುಗಿ ಕನ್ನಡ ಬರಹದಲ್ಲಿ ತಡವರಿಸಿದರೆ ಅದನ್ನು ಅವಳ ವಿವೇಚನೆಯ ಕೊರತೆಯೆಂದು ತಿಳಿಯಬಾರದು. ‘ಇಷ್ಟವಾಗಲಿಲ್ಲ’ ಎಂಬ ಅಭಿಪ್ರಾಯಕ್ಕೂ ‘ಇಷ್ಟವಾಯಿತು’ ಎಂಬುದಕ್ಕೆ ಸಿಗುವಷ್ಟೇ ಗೌರವ ಸಿಗಬೇಕು. ಎರಡಕ್ಕೂ ಪುಟದ ಆಧಾರ ಕೇಳಬೇಕು. ಹೀಗೆ ಬರೆದ ಚೀಟಿಗಳು ಪುಸ್ತಕದೊಳಗೇ ಉಳಿದರೆ ಮುಂದಿನ ಓದುಗರು ಕೃತಿಯ ಜೊತೆಗೆ ಒಂದು ವಾದವನ್ನೂ ಪಡೆಯುತ್ತಾರೆ. ಪುಸ್ತಕ ಆಯ್ಕೆಯನ್ನು ವಯಸ್ಕರು ಮಾಡುವ ವ್ಯವಸ್ಥೆಯಲ್ಲಿ, ಓದಬೇಕಾದವರ ಧ್ವನಿ ಆಯ್ಕೆದಾರರಿಗೆ ತಲುಪಲು ಈ ಚೀಟಿಗಳು ದಾರಿಯಾಗಬಲ್ಲವು.

ಉಪಸಂಹಾರ

ಕಿಶೋರ ಫ್ಯಾಂಟಸಿಯನ್ನು ವೈಚಾರಿಕತೆಯ ಶತ್ರುವೆಂದೋ ಬಿಡುವಿನ ವೇಳೆಯ ಆಟಿಕೆಯೆಂದೋ ಭಾವಿಸುವ ಎರಡೂ ನಿಲುವುಗಳು ಓದುಗರ ವಿವೇಚನಾಶಕ್ತಿಯನ್ನು ಕಡೆಗಣಿಸುತ್ತವೆ. ಐತಿಹ್ಯ ಮತ್ತು ಚರಿತ್ರೆ ಜೊತೆಯಾಗಿರುವ, ಎರಡು ಮೂರು ಭಾಷೆಗಳು ಒಂದೇ ಮನೆಯಂಗಳದಲ್ಲಿ ಬೆರೆಯುವ ಈ ನಾಲ್ಕು ತಾಲ್ಲೂಕುಗಳ ಎಳೆಯ ಓದುಗರಲ್ಲಿ ಆ ಶಕ್ತಿಗೆ ಬೇಕಾದ ಸಾಮಗ್ರಿಯೆಲ್ಲವೂ ಇದೆ. ಕೊರತೆಯಿರುವುದು ಅದನ್ನು ಕನ್ನಡದಲ್ಲಿ ಬಳಸುವ ಸಂದರ್ಭಗಳಲ್ಲಿ. ಹೊಸ ಪುಸ್ತಕ ಬಂದ ವಾರದಲ್ಲಿ ಒಂದು ಗಂಟೆಯ ವಾದಕ್ಕೆ ಅವಕಾಶ ಮಾಡಿಕೊಡುವುದು ಗ್ರಂಥಪಾಲಕರಿಗೂ ಕನ್ನಡ ಅಧ್ಯಾಪಕರಿಗೂ ಅಸಾಧ್ಯವಾದ ಕೆಲಸವಲ್ಲ. ಕಿಶೋರ ಸಾಹಿತ್ಯ ವಿಮರ್ಶೆಯು ಪ್ರತ್ಯೇಕ ಅಧ್ಯಯನ ಶಾಖೆಯಾಗಿ ಬೆಳೆಯುವುದಾದರೆ, ಅದರ ಮೊದಲ ಪಠ್ಯಗಳು ಇಂತಹ ವಾದಗಳಿಂದಲೇ ಹುಟ್ಟಬೇಕಾಗಿದೆ.