ಕಸ ಗುಡಿಸಲೆಂದೇ ಹುಟ್ಟಿದ ಜೇನುನೊಣವಿಲ್ಲ



ಬಂಧುಗಳೇ, ಇಂದಿನ ಅಧ್ಯಯನಕ್ಕೆ ಜೇನುಗೂಡನ್ನು ತೆಗೆದುಕೊಳ್ಳೋಣ.

ಜೇನುಮರಿಗಳು ಬೆಳೆಯಲು ಗೂಡಿನೊಳಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಅದು ಮಿತಿಮೀರಿದರೆ ಮರಿಗಳು ಸಾಯುತ್ತವೆ, ಮೇಣದ ಎರಿ ಮೆತ್ತಗಾಗಿ ಕುಸಿಯುತ್ತದೆ. ಆದ್ದರಿಂದ ಬಿಸಿಲು ಏರಿದಾಗ ಕೆಲವು ನೊಣಗಳು ಹೊಟ್ಟೆಯಲ್ಲಿ ನೀರು ತುಂಬಿ ತರುತ್ತವೆ. ಒಳಗಿನವು ಅದನ್ನು ಬಾಯಿಂದ ಬಾಯಿಗೆ ಪಡೆದು ಎರಿಯ ಮೇಲೆ ಹನಿಹನಿಯಾಗಿ ಹರಡುತ್ತವೆ. ಇನ್ನು ಕೆಲವು ಸಾಲಾಗಿ ನಿಂತು ರೆಕ್ಕೆ ಬೀಸುತ್ತವೆ. ನೀರು ಆರುತ್ತಾ ಗೂಡು ತಂಪಾಗುತ್ತದೆ. ಇದಕ್ಕೆ ಯಾರ ಅಪ್ಪಣೆಯೂ ಇಲ್ಲ. ತಂದ ನೀರನ್ನು ಒಳಗಿನವು ಆತುರದಿಂದ ಇಳಿಸಿಕೊಂಡರೆ ಇನ್ನೂ ಬೇಕು ಎಂದರ್ಥ. ಕಾಯಿಸಿದರೆ ಸಾಕು ಎಂದರ್ಥ.

"ನೋಡಿ, ಹುಳುಗಳಲ್ಲೂ ಜಾತಿಯಿದೆ. ಅವರವರ ಕೆಲಸ ಅವರವರು ಮಾಡುವುದರಿಂದಲೇ ಗೂಡು ಉಳಿದಿದೆ" ಎನ್ನುವವರಿದ್ದಾರೆ. ಶಿಕ್ಷಕರ ಕೊಠಡಿಯಲ್ಲಿ ನಾನೂ ಈ ಮಾತು ಕೇಳಿದ್ದೇನೆ. ರಾಣಿ, ಕೆಲಸಗಾರ ಎಂಬ ವಿಂಗಡಣೆಗೆ ಇಂಗ್ಲಿಷ್ ವಿಜ್ಞಾನ ಪುಸ್ತಕಗಳು 'ಕಾಸ್ಟ್' ಎಂಬ ಪದವನ್ನೇ ಬಳಸುತ್ತವೆ ಎಂಬುದೂ ನಿಜ. ಆದರೆ ಗೂಡಿನೊಳಗೆ ನಡೆಯುವುದೇ ಬೇರೆ.

ಕೋಶದಿಂದ ಹೊರಬಂದ ಕೆಲಸಗಾರ ನೊಣ ಮೊದಲು ಮಾಡುವುದು ಕೋಶಗಳ ಕಸ ತೆಗೆಯುವ ಕೆಲಸ. ಆಮೇಲೆ ಮರಿಗಳಿಗೆ ಉಣಿಸುತ್ತದೆ, ಎರಿ ಕಟ್ಟುತ್ತದೆ, ಬಾಗಿಲು ಕಾಯುತ್ತದೆ. ಸುಮಾರು ಮೂರನೆಯ ವಾರದ ಹೊತ್ತಿಗೆ ಮಕರಂದ, ನೀರು ತರಲು ಹೊರಗೆ ಹಾರುತ್ತದೆ. ಹೊರಗೆ ಹೋದವು ಹೆಚ್ಚಾಗಿ ಸತ್ತರೆ ಎಳೆಯ ನೊಣಗಳೇ ಬೇಗ ಆ ಕೆಲಸಕ್ಕೆ ಇಳಿಯುತ್ತವೆ. ಇನ್ನು ರಾಣಿ? ಅವಳೂ ಕೆಲಸಗಾರ ನೊಣವೂ ಬರುವುದು ಒಂದೇ ಬಗೆಯ ಮೊಟ್ಟೆಯಿಂದ. ಮರಿಯಾಗಿದ್ದಾಗ ಸಿಕ್ಕ ಊಟ ಅವರನ್ನು ಬೇರೆ ಮಾಡುತ್ತದೆ.

ಕೆಲಸವನ್ನು ಹಂಚಿಕೊಳ್ಳುವುದು ಬೇರೆ, ಕೆಲಸ ಮಾಡುವವರನ್ನೇ ಮೇಲು ಕೀಳೆಂದು ಒಡೆಯುವುದು ಬೇರೆ ಎಂಬುದನ್ನು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ವಿವರಿಸಿದ್ದಾರೆ. ಜೇನಿನದು ಮೊದಲನೆಯದು. ತಲೆಮಾರುಗಟ್ಟಲೆ ಪೊರಕೆ ಒಂದೇ ಕೇರಿಯ ಕೈಯಲ್ಲಿ ಉಳಿದದ್ದು ಎರಡನೆಯದು.

ಹಾಗೆಂದು ಜೇನನ್ನು ಗುರು ಮಾಡಿಕೊಳ್ಳಬೇಕಿಲ್ಲ. ಅದು ಹುಟ್ಟುಗುಣದಿಂದ ನಡೆಯುತ್ತದೆ. ಗೂಡಿನ ಗಂಡು ನೊಣಗಳಂತೂ ಈ ಯಾವ ದುಡಿಮೆಗೂ ಬರುವುದಿಲ್ಲ! ನಮಗೆ ಪ್ರಜ್ಞೆಯಿದೆ, ಸರಿ ತಪ್ಪು ನೋಡಿ ಆರಿಸಿಕೊಳ್ಳಬಲ್ಲೆವು. ಭಾನುವಾರ ವಂದನೆ ಮುಗಿದ ಮೇಲೆ ವಿಹಾರದ ನೆಲ ಒರೆಸುವವರು ಯಾರು, ಚಹಾ ಲೋಟ ತೊಳೆಯುವವರು ಯಾರು? ಪ್ರತಿ ವಾರ ಅದೇ ಅಕ್ಕಂದಿರಾದರೆ, ಬಿಟ್ಟುಬಂದ ಜಾತಿಪದ್ಧತಿಯ ಒಂದು ಎಳೆ ನಮ್ಮೊಂದಿಗೇ ಬಂದಿದೆ ಎಂದಾಯಿತು. ಈ ವಾರದಿಂದ ಸರದಿ ಹಾಕಿಕೊಳ್ಳೋಣ. ಮೊದಲ ಸರದಿ ಅಣ್ಣಂದಿರದಾಗಲಿ.

ಭವತು ಸಬ್ಬ ಮಂಗಲಂ.